ಎಂ81–ಎಂ82 ಜೋಡಿ: ಮೂರು ಗಂಟೆ ತೆಗೆದರೂ ತೋಳುಗಳಿಲ್ಲ, ಜೊತೆಗೆ ಎರಡು ಅನುಮಾನದ ಮಚ್ಚೆ

ಹಿತ್ತಲಗೂಬೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವನು, ಕೇಳುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆ ಹಿತ್ತಲಿನಿಂದ ಎಂ81, ಎಂ82 ಗೆಲಾಕ್ಸಿಗಳನ್ನು ಒಂದೇ ಚಿತ್ರದಲ್ಲಿ ಹಿಡಿಯಬೇಕು ಅಂತ ಒಂದು ತಿಂಗಳಿಂದ ಒದ್ದಾಡುತ್ತಿದ್ದೇನೆ. ಹಿತ್ತಲು ಅಂದರೆ ದೊಡ್ಡ ಜಾಗ ಏನಲ್ಲ. ಬಟ್ಟೆ ಒಣಗಿಸುವ ತಂತಿಗೂ ಕಾಂಪೌಂಡ್ ಗೋಡೆಗೂ ನಡುವೆ ಟ್ರೈಪಾಡ್ ಮೂರು ಕಾಲು ಚಾಚುವಷ್ಟು ಜಾಗ. ಗೋಡೆಯ ಆಚೆ ಬೀದಿ ದೀಪ. ಪಕ್ಕದ ಮನೆಯವರ ಹಿಂಬಾಗಿಲ ದೀಪ ಬೆಕ್ಕು ಓಡಾಡಿದರೂ ಹತ್ತಿಕೊಳ್ಳುತ್ತದೆ. ಆಕಾಶ ಎಷ್ಟು ಕತ್ತಲು ಅಂತ ಹೇಳುವ ಬೋರ್ಟಲ್ ಅಳತೆಯಲ್ಲಿ (1 ಅಂದರೆ ತೀರಾ ಕತ್ತಲು, 9 ಅಂದರೆ ತೀರಾ ಬೆಳಕು) 7 ಅಂತ ಲೆಕ್ಕ ಹಾಕಿದ್ದೇನೆ. ಸಪ್ತರ್ಷಿಗಳಲ್ಲಿ ಅತ್ರಿ ಮಾತ್ರ ಕಷ್ಟಪಟ್ಟು ಕಾಣುತ್ತಾನೆ, ಉಳಿದ ಆರು ಜನ ಸಲೀಸು.

ಸಾಮಾನು: 80 ಮಿ.ಮೀ. ರಿಫ್ರ್ಯಾಕ್ಟರ್, ಫೋಕಲ್ ಲೆಂತ್ 480, ಅಂದರೆ ಎಫ್/6. ಏನೂ ಮಾರ್ಪಾಡು ಮಾಡಿಸದ ಎಪಿಎಸ್-ಸಿ ಡಿಎಸ್‌ಎಲ್‌ಆರ್, 24 ಮೆಗಾಪಿಕ್ಸೆಲ್. ಆಕಾಶದ ಜೊತೆ ತಿರುಗುವ ಈಕ್ವಟೋರಿಯಲ್ ಮೌಂಟ್, ಅದು ದಾರಿ ತಪ್ಪದಂತೆ ನೋಡಿಕೊಳ್ಳುವ ಸಣ್ಣ ಗೈಡ್ ಕ್ಯಾಮೆರಾ. ಗೈಡಿಂಗ್ ಚೆನ್ನಾಗಿಯೇ ನಡೆಯುತ್ತಿದೆ, ನಕ್ಷತ್ರಗಳು ದುಂಡಗಿವೆ. ಅದೊಂದು ಸಮಾಧಾನ.

ತೆಗೆದದ್ದು: 180 ಸೆಕೆಂಡಿನ 60 ಫ್ರೇಮು, ಐಎಸ್‌ಒ 1600. ಒಟ್ಟು ಮೂರು ಗಂಟೆ. ಡಿದರಿಂಗ್, ಅಂದರೆ ಫ್ರೇಮುಗಳ ನಡುವೆ ದೂರದರ್ಶಕವನ್ನು ಚೂರು ಸರಿಸುವುದು, ಮಾಡಿಲ್ಲ. ಅದನ್ನು ಹೇಗೆ ಹೊಂದಿಸುವುದು ಅಂತಲೇ ಗೊತ್ತಾಗಲಿಲ್ಲ. ಫ್ಲ್ಯಾಟ್ (ಧೂಳಿನ ನೆರಳು, ಅಂಚಿನ ಕಪ್ಪು ಸರಿಪಡಿಸಲು ತೆಗೆಯುವ ಸಮಬೆಳಕಿನ ಚಿತ್ರ) ತೆಗೆದದ್ದು ಮಾರನೇ ದಿನ ಬೆಳಿಗ್ಗೆ. ಬಿಳಿ ಬಟ್ಟೆಯನ್ನು ದೂರದರ್ಶಕದ ಬಾಯಿಗೆ ಬಿಗಿದು ಆಕಾಶದ ಕಡೆ ತಿರುಗಿಸಿದೆ. ಫ್ರೇಮುಗಳನ್ನೆಲ್ಲ ಒಂದರ ಮೇಲೊಂದು ಸೇರಿಸಿ ಸ್ಟ್ಯಾಕ್ ಮಾಡಿದ್ದು ಸಿರಿಲ್ ಸಾಫ್ಟ್‌ವೇರ್‌ನಲ್ಲಿ.

ಸಮಸ್ಯೆಗಳು ಹೀಗಿವೆ. ಎಂ82 ಪರವಾಗಿಲ್ಲ, ಚುಟ್ಟಾ ಆಕಾರ ಸ್ಪಷ್ಟವಾಗಿದೆ, ನಡುವಿನ ಕಪ್ಪು ಸೀಳೂ ಇದೆ. ಆದರೆ ಎಂ81 ಅಂದರೆ ಒಂದು ಬೆಳ್ಳಗಿನ ಮೊಟ್ಟೆ, ಅಷ್ಟೇ. ಸುರುಳಿ ತೋಳುಗಳು ಇದ್ದರೂ ಇದ್ದಾವು ಎನ್ನುವಷ್ಟು. ಮಬ್ಬು ಭಾಗ ಕಾಣಲಿ ಅಂತ ಹೊಳಪನ್ನು ಸ್ವಲ್ಪ ಜಾಸ್ತಿ ಎಳೆದರೆ ಇಡೀ ಚಿತ್ರ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಮೇಲಿಂದ ಕೆಳಕ್ಕೆ ಓರೆಯಾಗಿ ಮಳೆ ಹುಯ್ದಂತೆ ಗೀರುಗಳು ಬರುತ್ತವೆ.

ಇನ್ನೊಂದು ವಿಷಯ. ಉತ್ತರ ಮೇಲಕ್ಕೆ ಇಟ್ಟು ನೋಡಿದರೆ ಎಂ81ರ ಎಡಕ್ಕೆ ಒಂದು ಮಬ್ಬು ಮಚ್ಚೆ ಇತ್ತು, ಬಲಕ್ಕೆ ಕೆಳಗೆ ಇನ್ನೊಂದು. ಎಡಗಡೆಯದು ಪುಟ್ಟದು, ಅಂಚು ಕಲಸಿದಂತಿತ್ತು. ಯಾವುದೋ ಧೂಳು ಅಂತ ಹೀಲಿಂಗ್ ಬ್ರಷ್‌ನಲ್ಲಿ ಒರೆಸಿಬಿಟ್ಟೆ. ಬಲಗಡೆಯದು ಎಷ್ಟು ದುಂಡಗಿದೆ ಅಂದರೆ ಗೆಲಾಕ್ಸಿಯೇ ಇರಬೇಕು ಅನಿಸಿತು. ಅಲ್ಲೇ ಹತ್ತಿರದಲ್ಲಿ ಎನ್‌ಜಿಸಿ 3077 ಇದೆ ಅಂತ ಓದಿದ್ದೆ. ಅದೇನಾ ಇದು?

ಬೆಳಕು ತಡೆಯುವ ಫಿಲ್ಟರ್ ಕೊಳ್ಳಲೇ? ಅಥವಾ ಈ ಹಿತ್ತಲಿನಿಂದ ಇದು ಆಗದ ಕೆಲಸವೇ?

ಪುಲಸ್ತ್ಯ:

ಆಗದ ಕೆಲಸ ಅಲ್ಲವೇ ಅಲ್ಲ. ಫಿಲ್ಟರ್ ವಿಷಯ ಆಮೇಲೆ. ಮೊದಲು ಆ ಬಲಗಡೆಯ ಮಚ್ಚೆ. ಹೇಳಲು ಬೇಜಾರು, ಆದರೆ ಅದು ಗೆಲಾಕ್ಸಿ ಅಲ್ಲ.

ಎನ್‌ಜಿಸಿ 3077 ಎಲ್ಲಿರಬೇಕು ನೋಡಿ. ಎಂ81ರಿಂದ ಎಂ82 ನೇರ ಉತ್ತರಕ್ಕಿದೆ, ಸುಮಾರು 37 ಆರ್ಕ್‌ಮಿನಿಟ್ ದೂರ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟ್‌ಗೆ 60 ಆರ್ಕ್‌ಸೆಕೆಂಡ್). ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಜಾಸ್ತಿ. ಎನ್‌ಜಿಸಿ 3077 ಇರುವುದು ಎಂ81ರ ಪೂರ್ವಕ್ಕೆ, ಕೊಂಚ ದಕ್ಷಿಣಕ್ಕೆ ಇಳಿದು, 46 ಆರ್ಕ್‌ಮಿನಿಟ್ ದೂರದಲ್ಲಿ. ಆಕಾಶದ ಚಿತ್ರದಲ್ಲಿ ಉತ್ತರ ಮೇಲಿದ್ದರೆ ಪೂರ್ವ ಎಡಕ್ಕೆ ಬರುತ್ತದೆ, ಭೂಪಟದ ಹಾಗಲ್ಲ. ನಿಮ್ಮ ಪಿಕ್ಸೆಲ್ 3.72 ಮೈಕ್ರಾನ್ ಇರಬೇಕು. ಅದನ್ನು 206ರಿಂದ ಗುಣಿಸಿ 480ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 1.6 ಆರ್ಕ್‌ಸೆಕೆಂಡ್. ಹಾಗಾದರೆ ಎಂ81ರ ನಡುವಿನಿಂದ ಎಡಕ್ಕೆ ಸುಮಾರು 1570 ಪಿಕ್ಸೆಲ್, ಕೆಳಕ್ಕೆ 750 ಪಿಕ್ಸೆಲ್ ಹೋಗಿ ಹುಡುಕಿ. ಒರೆಸದೆ ಇರುವ ಸ್ಟ್ಯಾಕ್ ಇನ್ನೂ ಇಟ್ಟುಕೊಂಡಿದ್ದೀರಿ ತಾನೇ?

ಇನ್ನು ಬಲಗಡೆಯ ದುಂಡು ಮಚ್ಚೆ ಹುಟ್ಟಿದ್ದು ಹೇಗೆ ಅಂತ ನನ್ನ ಊಹೆ ಹೇಳುತ್ತೇನೆ. ರಾತ್ರಿ ಕೆಲಸ ಮುಗಿಸಿ ಕ್ಯಾಮೆರಾ ಆಫ್ ಮಾಡಿದಿರಿ. ಬೆಳಿಗ್ಗೆ ಆನ್ ಮಾಡಿ ಫ್ಲ್ಯಾಟ್ ತೆಗೆದಿರಿ. ಎಷ್ಟೋ ಡಿಎಸ್‌ಎಲ್‌ಆರ್‌ಗಳು ಆನ್-ಆಫ್ ಮಾಡಿದಾಗಲೆಲ್ಲ ಸೆನ್ಸರ್ ಮುಂದಿನ ಗಾಜನ್ನು ಒಮ್ಮೆ ನಡುಗಿಸಿ ಧೂಳು ಕೊಡವುತ್ತವೆ. ಪರದೆ ಮೇಲೆ ಸೆನ್ಸರ್ ಕ್ಲೀನಿಂಗ್ ಅಂತ ಒಂದು ಕ್ಷಣ ಬರುತ್ತಲ್ಲ, ಅದೇ. ರಾತ್ರಿ ಒಂದು ಕಡೆ ಕೂತಿದ್ದ ಧೂಳಿನ ಕಣ ಬೆಳಿಗ್ಗೆ ಇನ್ನೊಂದು ಕಡೆ ಕೂತಿತು. ಫ್ಲ್ಯಾಟ್‌ನಿಂದ ಭಾಗಿಸುವಾಗ, ಫ್ಲ್ಯಾಟ್‌ನಲ್ಲಿ ಎಲ್ಲಿ ಕಪ್ಪು ಇದೆಯೋ ಅಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಫೋಟೋದಲ್ಲಿ ಅಲ್ಲಿ ಕಪ್ಪೇ ಇಲ್ಲದಿದ್ದರೆ? ಇಲ್ಲದ ನೆರಳನ್ನು ಸರಿಪಡಿಸಲು ಹೋಗಿ ಒಂದು ಬಿಳಿ ಮಚ್ಚೆ ಸೃಷ್ಟಿಯಾಗುತ್ತದೆ. ರಿಫ್ರ್ಯಾಕ್ಟರ್‌ನಲ್ಲಿ ನಡುವೆ ಕನ್ನಡಿ ಅಡ್ಡ ಇರುವುದಿಲ್ಲವಲ್ಲ, ಹಾಗಾಗಿ ಧೂಳಿನ ನೆರಳು ಬಳೆಯಂತೆ ಬರದೆ ತುಂಬಿದ ಬಿಲ್ಲೆಯಂತೆ ಬರುತ್ತದೆ. ಗೆಲಾಕ್ಸಿ ಅಂತ ಮೋಸ ಹೋಗುವುದು ಸುಲಭ. ನಾನೂ ಹೋಗಿದ್ದೇನೆ, ಅದಕ್ಕೆ ಹೆಸರನ್ನೂ ಬರೆದು ನಾಲ್ಕು ಜನಕ್ಕೆ ತೋರಿಸಿದ್ದೇನೆ.

ಪರೀಕ್ಷೆ ಬಹಳ ಸುಲಭ. ಫ್ಲ್ಯಾಟ್ ಹಾಕದೆ ಒಮ್ಮೆ ಸ್ಟ್ಯಾಕ್ ಮಾಡಿ. ಆ ಮಚ್ಚೆ ಮಾಯವಾದರೆ ಧೂಳು, ಉಳಿದರೆ ಗೆಲಾಕ್ಸಿ. ಇನ್ನೊಂದು ಗುರುತು: ನಿಜವಾದ ಗೆಲಾಕ್ಸಿಗೆ ನಡು ಹೊಳಪು ಜಾಸ್ತಿ, ಹೊರಕ್ಕೆ ಹೋಗ್ತಾ ಕರಗುತ್ತದೆ. ಅಂಚಿನವರೆಗೂ ಒಂದೇ ಸಮ ಇದ್ದರೆ ಅನುಮಾನ ಪಡಿ.

ಇನ್ಮುಂದೆ ಮೆನುವಿನಲ್ಲಿ ಆ ಸ್ವಚ್ಛತೆಯನ್ನು ಆಫ್ ಮಾಡಿಡಿ. ಫ್ಲ್ಯಾಟ್ ಆಗುವವರೆಗೆ ಕ್ಯಾಮೆರಾ ಬಿಚ್ಚುವುದಿಲ್ಲ, ತಿರುಗಿಸುವುದಿಲ್ಲ, ಫೋಕಸ್ ಮುಟ್ಟುವುದಿಲ್ಲ.

ಈಗ ತೋಳುಗಳ ವಿಷಯ. ನಿಮ್ಮಂಥ ಆಕಾಶದ ಹೊಳಪು ಒಂದು ಚದರ ಆರ್ಕ್‌ಸೆಕೆಂಡಿಗೆ ಸುಮಾರು 18.5 ಮ್ಯಾಗ್ನಿಟ್ಯೂಡ್ ಅಂತಿಟ್ಟುಕೊಳ್ಳಿ (ಈ ಅಂಕಿ ಹೆಚ್ಚಿದಷ್ಟೂ ಹೊಳಪು ಕಮ್ಮಿ). ಎಂ81ರ ಹೊರ ತೋಳುಗಳು 22, 23ರ ಆಸುಪಾಸು. ಅಂದರೆ ನಿಮ್ಮ ತಲೆ ಮೇಲಿನ ಆಕಾಶವೇ ಆ ತೋಳುಗಳಿಗಿಂತ ಮೂವತ್ತು ನಲವತ್ತು ಪಟ್ಟು ಹೊಳೆಯುತ್ತಿದೆ. ಒಳ್ಳೆಯ ಕತ್ತಲ ಜಾಗದಲ್ಲಿ ಆಕಾಶ 22ರ ಹತ್ತಿರ ಇರುತ್ತದೆ, ನಿಮ್ಮದಕ್ಕಿಂತ 25 ಪಟ್ಟು ಕಪ್ಪು. ಲೆಕ್ಕ ಹಾಕಿದರೆ ನಿಮ್ಮ ಮೂರು ಗಂಟೆ ಅಲ್ಲಿನ ಏಳು ನಿಮಿಷಕ್ಕೆ ಸಮ. ಏಳು ನಿಮಿಷದ ಚಿತ್ರಕ್ಕೆ ನಿಮ್ಮದು ಚೆನ್ನಾಗಿಯೇ ಬಂದಿದೆ ಅಂತ ಅಂದುಕೊಳ್ಳಿ!

ಫ್ರೇಮು ಉದ್ದ ಮಾಡಿದರೆ ಏನೂ ಸಿಗುವುದಿಲ್ಲ. ಹಿಸ್ಟೋಗ್ರಾಂನ (ಕ್ಯಾಮೆರಾ ತೋರಿಸುವ ಹೊಳಪಿನ ನಕ್ಷೆ) ಗುಡ್ಡೆ ಎಲ್ಲಿ ಕೂತಿದೆ ಅಂತ ನೀವು ಹೇಳಿಲ್ಲ. 180 ಸೆಕೆಂಡ್, 1600ಕ್ಕೆ ಅದು ಬಲಗಡೆ ಮುಕ್ಕಾಲಿಗೆ ಹೋಗಿರುತ್ತದೆ, ಎಂ81ರ ನಡುಭಾಗ ಸುಟ್ಟಿರುತ್ತದೆ. ಐಎಸ್‌ಒ 800, 60 ಸೆಕೆಂಡ್ ಸಾಕು. ಗುಡ್ಡೆ ಎಡದಿಂದ ಮೂರನೇ ಒಂದು ಭಾಗದಲ್ಲಿ ನಿಂತರೆ ಆಯ್ತು. ಬೆಳಕಿನ ಊರಲ್ಲಿ ಆಕಾಶದ ಗದ್ದಲವೇ (ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ನಾಯ್ಸ್) ಕ್ಯಾಮೆರಾದ ಗದ್ದಲವನ್ನು ಬೇಗ ನುಂಗಿಬಿಡುತ್ತದೆ, ಹಾಗಾಗಿ ಸಣ್ಣ ಫ್ರೇಮಿನಿಂದ ನಷ್ಟ ಇಲ್ಲ. ಪಕ್ಕದವರ ಬೆಕ್ಕು ಓಡಿದಾಗ ಹಾಳಾಗುವುದೂ ಒಂದೇ ನಿಮಿಷ. ಲೆಕ್ಕಕ್ಕೆ ಬರುವುದು ಒಟ್ಟು ಸಮಯ. ಅದೂ ವರ್ಗಮೂಲದ ಲೆಕ್ಕ: ಮೂರು ಗಂಟೆಯದಕ್ಕಿಂತ ಎರಡರಷ್ಟು ನಯ ಬೇಕಾದರೆ ಹನ್ನೆರಡು ಗಂಟೆ ಕೊಡಬೇಕು.

ಓರೆ ಮಳೆ ಅಂದಿರಲ್ಲ, ಅದು ಡಿದರಿಂಗ್ ಮಾಡದ್ದಕ್ಕೆ. ಸೆನ್ಸರ್‌ನ ಕಲೆಗಳು ಇದ್ದಲ್ಲೇ ಇರುತ್ತವೆ, ಆಕಾಶ ಮಾತ್ರ ನಿಧಾನಕ್ಕೆ ಒಂದೇ ದಿಕ್ಕಿಗೆ ಜಾರುತ್ತದೆ. ನಕ್ಷತ್ರಗಳನ್ನು ಕೂಡಿಸಿದಾಗ ಕಲೆಗಳು ಗೀರಾಗುತ್ತವೆ. ಎರಡು ಮೂರು ಫ್ರೇಮಿಗೊಮ್ಮೆ ಮೌಂಟ್ ಅನ್ನು ಹತ್ತಾರು ಪಿಕ್ಸೆಲ್ ಅತ್ತಿತ್ತ ಸರಿಸಿದರೆ ಈ ರೋಗ ಹೋಗುತ್ತದೆ. ಗೈಡಿಂಗ್ ಸಾಫ್ಟ್‌ವೇರ್ ಜೊತೆ ಹೊಂದಿಸಲು ಆಗದಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಗೈಡಿಂಗ್ ನಿಲ್ಲಿಸಿ, ಹ್ಯಾಂಡ್ ಕಂಟ್ರೋಲರ್‌ನಲ್ಲಿ ಒಂದು ಚಿಟಿಕೆ ಒತ್ತಿ, ಮತ್ತೆ ಶುರು ಮಾಡಿ. ಒರಟು ವಿಧಾನ, ಆದರೂ ಕೆಲಸ ಮಾಡುತ್ತದೆ.

ಫಿಲ್ಟರ್ ಈಗಲೇ ಬೇಡ. ಗೆಲಾಕ್ಸಿ ಅಂದರೆ ನಕ್ಷತ್ರಗಳ ಬೆಳಕು, ಎಲ್ಲಾ ಬಣ್ಣದಲ್ಲೂ ಇದೆ. ಹಳೇ ಸೋಡಿಯಂ ದೀಪಗಳಾಗಿದ್ದರೆ ಆ ಹಳದಿಯನ್ನು ಮಾತ್ರ ಕತ್ತರಿಸಬಹುದಿತ್ತು. ಎಲ್‌ಇಡಿ ಬೆಳಕೂ ಎಲ್ಲಾ ಬಣ್ಣದಲ್ಲಿ ಹರಡಿಕೊಂಡಿರುತ್ತದೆ. ಅದನ್ನು ಕತ್ತರಿಸಲು ಹೋದರೆ ಗೆಲಾಕ್ಸಿಯನ್ನೂ ಕತ್ತರಿಸಿದಂತೆ. ಅದರ ಬದಲು ಬೀದಿ ದೀಪ ನೇರ ಒಳಗೆ ಬೀಳದಂತೆ ದೂರದರ್ಶಕದ ಬಾಯಿಗೆ ಕಪ್ಪು ಹಾಳೆಯ ಒಂದು ಉದ್ದ ಕೊಳವೆ ಮಾಡಿ ಸಿಕ್ಕಿಸಿ.

ಟ್ರೈಪಾಡ್ ತಮ್ಮ:

ಮೌಂಟ್ ಇರೋರೇ ಹೀಗೆ ಅಳುತ್ತಿದ್ದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು ಅಣ್ಣ. ನನ್ನ ಹತ್ತಿರ ಇರುವುದು ಒಂದು 135 ಮಿ.ಮೀ. ಲೆನ್ಸು, ಬರೀ ಟ್ರೈಪಾಡು.

ಒಂದು ಖುಷಿಯ ವಿಷಯ ಹೇಳ್ತೀನಿ. ಈ ಜೋಡಿ ಧ್ರುವದ ಹತ್ತಿರ ಇದೆ, ಡೆಕ್ಲಿನೇಷನ್ (ಆಕಾಶದ ಅಕ್ಷಾಂಶ) 69 ಡಿಗ್ರಿ. ಅಲ್ಲಿ ನಕ್ಷತ್ರಗಳು ನಿಧಾನ ಓಡುತ್ತವೆ. ಮಹಾವ್ಯಾಧನ ನಡುಪಟ್ಟಿ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಓಡಿದರೆ ಇವು ಬರೀ ಐದೂವರೆ. ನನ್ನ ಲೆನ್ಸಿನಲ್ಲಿ ಸೆಕೆಂಡಿಗೆ ಒಂದು ಪಿಕ್ಸೆಲ್ ಅಷ್ಟೇ. ಎರಡೆರಡು ಸೆಕೆಂಡಿನ 1500 ಫ್ರೇಮು ತೆಗೆದೆ, ಒಟ್ಟು 50 ನಿಮಿಷ. ನೂರು ಫ್ರೇಮಿಗೊಮ್ಮೆ ಮತ್ತೆ ನಡುವಿಗೆ ತರಬೇಕು, ಬೆನ್ನು ಮುರಿಯುತ್ತದೆ. ಒಂದು ಮೊಟ್ಟೆ, ಒಂದು ಕಡ್ಡಿ ಬಂತು. ಎಂ81 ಉದ್ದಕ್ಕೆ 280 ಪಿಕ್ಸೆಲ್ ಇರಬೇಕಿತ್ತು, ಕಾಣಿಸಿದ್ದು ಅದರ ಮೂರನೇ ಒಂದು ಭಾಗ. ಆದರೂ ನಮ್ಮಮ್ಮನಿಗೆ ತೋರಿಸಿದೆ.

ಹುಡುಕೋಕೆ ದಾರಿ: ಸಪ್ತರ್ಷಿ ಚೌಕದಲ್ಲಿ ಪುಲಸ್ತ್ಯ ನಕ್ಷತ್ರದಿಂದ ಕ್ರತು ನಕ್ಷತ್ರಕ್ಕೆ ಓರೆ ಗೆರೆ ಎಳೆಯಿರಿ, ಅಷ್ಟೇ ದೂರ ಮುಂದೆ ಹೋಗಿ. ಅಲ್ಲೇ ಆಸುಪಾಸು.

ಹಿತ್ತಲಗೂಬೆ:

ಪುಲಸ್ತ್ಯ ಸರ್, ಈಗಷ್ಟೇ ನೋಡಿದೆ. ನಗಬೇಡಿ.

ಫ್ಲ್ಯಾಟ್ ಇಲ್ಲದೆ ಸ್ಟ್ಯಾಕ್ ಮಾಡಿದೆ. ಬಲಗಡೆಯ ಚೆಂದದ ದುಂಡು ಗೆಲಾಕ್ಸಿ ಮಾಯ! ಫ್ಲ್ಯಾಟ್ ತೆರೆದು ನೋಡಿದರೆ ಸರಿಯಾಗಿ ಅದೇ ಜಾಗದಲ್ಲಿ ಬೂದು ಬಿಲ್ಲೆ, 90 ಪಿಕ್ಸೆಲ್ ಅಗಲ. ರಾತ್ರಿಯ ಫ್ರೇಮುಗಳಲ್ಲಿ ಅಲ್ಲಿ ಏನೂ ಇಲ್ಲ.

ಆಮೇಲೆ ಒರೆಸದ ಹಳೇ ಫೈಲ್ ಹುಡುಕಿ ತೆಗೆದು, ಎಡಕ್ಕೆ 1570, ಕೆಳಕ್ಕೆ 750 ಎಣಿಸಿಕೊಂಡು ಹೋದೆ. ಹತ್ತಿಪ್ಪತ್ತು ಪಿಕ್ಸೆಲ್ ಆಚೀಚೆ, ಅಲ್ಲಿ ಕೂತಿತ್ತು. ನಡುವೆ ಹೊಳಪು, ಸುತ್ತ ಕರಗಿದ ಅಂಚು. ನಾನು ಧೂಳನ್ನು ಗೆಲಾಕ್ಸಿ ಅಂತ ಇಟ್ಟುಕೊಂಡು, ಗೆಲಾಕ್ಸಿಯನ್ನು ಧೂಳು ಅಂತ ಒರೆಸಿದ್ದೆ. ಅದೂ ಎಷ್ಟು ನೀಟಾಗಿ ಅಂದರೆ ಸುತ್ತಲಿನ ಎರಡು ನಕ್ಷತ್ರಗಳಿಗೆ ಪೆಟ್ಟಾಗದ ಹಾಗೆ, 300 ಪರ್ಸೆಂಟ್ ಜೂಮ್ ಮಾಡಿ, ಹದಿನೈದು ನಿಮಿಷ ಕೂತು.

ಕ್ಯಾಮೆರಾ ಮೆನುವಿನಲ್ಲಿ ಸೆನ್ಸರ್ ಸ್ವಚ್ಛತೆ ಆನ್ ಇತ್ತು. ಆಫ್ ಮಾಡಿದ್ದೇನೆ.

ಹಳೇ ಐಪೀಸ್:

ಒರೆಸಿದವರಲ್ಲಿ ನೀವೇ ಮೊದಲನೆಯವರಲ್ಲ ಬಿಡಿ.

ನಾನು ಫೋಟೋ ತೆಗೆಯುವವನಲ್ಲ, ಕಣ್ಣಲ್ಲಿ ನೋಡುವವನು. ಆದರೂ ಎರಡು ಮಾತು. ಬೆಳಕಿನ ಊರು ಅಂತ ಈ ಜೋಡಿಯನ್ನು ಕೈಬಿಡಬೇಡಿ. ಜರ್ಮನಿಯ ಖಗೋಳಜ್ಞ ಬೋಡೆ ಇವೆರಡನ್ನೂ ಮೊದಲು ಕಂಡದ್ದು 1774ರ ಡಿಸೆಂಬರ್ 31ರ ರಾತ್ರಿ. ಆಗ ಬೀದಿ ದೀಪದ ಕಾಟ ಇರಲಿಲ್ಲ, ಸರಿ. ಆದರೆ 2014ರ ಜನವರಿ 21ರಂದು ಎಂ82ರಲ್ಲಿ ಸೂಪರ್‌ನೋವಾ ಸಿಕ್ಕಿದ್ದು ಎಲ್ಲಿಂದ ಗೊತ್ತಾ? ಲಂಡನ್ನಿನ ಹೊರವಲಯದ ಮಿಲ್ ಹಿಲ್‌ನಲ್ಲಿರುವ ವಿಶ್ವವಿದ್ಯಾಲಯದ ವೀಕ್ಷಣಾಲಯದಿಂದ. 35 ಸೆಂಟಿಮೀಟರ್ ದೂರದರ್ಶಕ. ಸ್ಟೀವ್ ಫಾಸಿ ಎನ್ನುವ ಮೇಷ್ಟ್ರು ವಿದ್ಯಾರ್ಥಿಗಳಿಗೆ ಕ್ಯಾಮೆರಾ ಬಳಸುವುದನ್ನು ತೋರಿಸುತ್ತಿದ್ದರು. ಮೋಡ ಮುಚ್ಚಿಕೊಂಡು ಬರುತ್ತಿತ್ತು, ಇರುವ ಸ್ವಲ್ಪ ಹೊತ್ತಿನಲ್ಲಿ ಹೊಳೆಯುವ ಗೆಲಾಕ್ಸಿ ಯಾವುದು ಅಂತ ಎಂ82ಕ್ಕೆ ತಿರುಗಿಸಿದರು. ಅಲ್ಲಿ ಇರಬಾರದ ಒಂದು ನಕ್ಷತ್ರ ಇತ್ತು. ಅವರು ಅದನ್ನು ಧೂಳು ಅಂತ ಒರೆಸಲಿಲ್ಲ ನೋಡಿ.

ಎಂ81ರಲ್ಲೂ 1993ರ ಮಾರ್ಚ್ 28ರಂದು ಸ್ಪೇನಿನ ಹವ್ಯಾಸಿ ಒಬ್ಬರು ಸೂಪರ್‌ನೋವಾ ಹಿಡಿದಿದ್ದರು. ಹಾಗಾಗಿ ಪ್ರತಿ ರಾತ್ರಿಯ ಸ್ಟ್ಯಾಕನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಿ, ಎಲ್ಲವನ್ನೂ ಒಂದರಲ್ಲಿ ಬೆರೆಸಿ ಮೂಲ ಬಿಸಾಡಬೇಡಿ.

ಎಂ82ರ ಸೊಂಟದಿಂದ ಮೇಲಕ್ಕೂ ಕೆಳಕ್ಕೂ ಕೆಂಪು ಎಳೆಗಳು ಚಿಮ್ಮುವುದನ್ನು ದೊಡ್ಡವರ ಚಿತ್ರಗಳಲ್ಲಿ ನೋಡಿರುತ್ತೀರಿ. ಎಂ81 ಹತ್ತಿರ ಹಾದುಹೋದಾಗಿನ ಎಳೆದಾಟದಲ್ಲಿ ಎಂ82ರ ನಡುವಿಗೆ ಅನಿಲ ನುಗ್ಗಿ, ಅಲ್ಲಿ ಒಂದೇ ಸಮ ನಕ್ಷತ್ರಗಳು ಹುಟ್ಟುತ್ತಿವೆ. ಆ ನಕ್ಷತ್ರಗಳ ಗಾಳಿ ಮತ್ತು ಸ್ಫೋಟಗಳು ಹೈಡ್ರೋಜನ್ನನ್ನು ಹೊರಗೆ ತಳ್ಳುತ್ತಿವೆ. ಆ ಕೆಂಪು 656 ನ್ಯಾನೋಮೀಟರ್ ತರಂಗದ್ದು. ಮಾರ್ಪಾಡು ಮಾಡದ ಡಿಎಸ್‌ಎಲ್‌ಆರ್‌ನ ಒಳ ಫಿಲ್ಟರ್ ಅದರ ಬಹುಪಾಲನ್ನು ನುಂಗುತ್ತದೆ. ಅದು ಸಿಗಲಿಲ್ಲ ಅಂತ ನಿಮ್ಮ ಮೇಲೆ ನೀವೇ ಬೇಜಾರು ಮಾಡಿಕೊಳ್ಳಬೇಡಿ.

ಪುಲಸ್ತ್ಯ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಫಿಲ್ಟರ್ ಬೇಡ ಅಂದೆನಲ್ಲ, ಎಂ82ರ ಆ ಕೆಂಪಿಗೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಅದೂ ಕ್ಯಾಮೆರಾ ಮಾರ್ಪಾಡಾದ ಮೇಲೆ. ಬೇರೆಯಾಗಿ ತೆಗೆದು ಕೆಂಪು ಪದರಕ್ಕೆ ಬೆರೆಸುವುದು.

ಇನ್ನೊಂದು, ಚೌಕಟ್ಟು. ನೀವು ಎರಡರ ನಡುವಿನ ಜಾಗವನ್ನು ಮಧ್ಯಕ್ಕೆ ಇಟ್ಟಿದ್ದೀರಿ ಅನಿಸುತ್ತದೆ, ಎಲ್ಲರೂ ಹಾಗೇ ಮಾಡುವುದು. ನಿಮ್ಮ ಚೌಕಟ್ಟು ಸುಮಾರು 2.7 ಡಿಗ್ರಿ ಉದ್ದ, 1.8 ಅಗಲ. ಉದ್ದ ಬದಿ ಉತ್ತರ-ದಕ್ಷಿಣಕ್ಕೆ ಬರುವಂತೆ ಕ್ಯಾಮೆರಾ ತಿರುಗಿಸಿ, ಎಂ81 ಅನ್ನೇ ನಟ್ಟನಡುವೆ ಇಡಿ. ಮೇಲೆ ಎಂ82, ಎಡಕ್ಕೆ ನೀವು ಒರೆಸಿದ 3077, ಬಲಗಡೆ ಕೆಳಮೂಲೆಗೆ ಎನ್‌ಜಿಸಿ 2976 ಕೂಡ ಬಂದು ಕೂರುತ್ತದೆ. ನಾಲ್ಕೂ ಒಂದೇ ಗುಂಪಿನವು. ಬಲ ಅಂಚಿನಲ್ಲಿ ಜಾಗ ಕಮ್ಮಿ, ಡಿದರಿಂಗ್ ಜೋರಾಗಿ ಮಾಡಬೇಡಿ.

ಹಿತ್ತಲಗೂಬೆ, ಮೂರು ವಾರದ ನಂತರ:

ಐದು ರಾತ್ರಿ, 60 ಸೆಕೆಂಡಿನ 540 ಒಳ್ಳೆಯ ಫ್ರೇಮು, ಒಟ್ಟು 9 ಗಂಟೆ. ಬಿಸಾಡಿದ್ದು 71. ಅದರಲ್ಲಿ ಬೆಕ್ಕಿನ ಪಾಲು ನಲವತ್ತಕ್ಕೂ ಜಾಸ್ತಿ. ಆಮೇಲೆ ಪಕ್ಕದವರನ್ನೇ ಕೇಳಿದೆ. ಹತ್ತು ಗಂಟೆ ಮೇಲೆ ದೀಪ ಆಫ್ ಮಾಡಲು ಒಪ್ಪಿದರು, ಬದಲಿಗೆ ಅವರ ಮಗಳಿಗೆ ಶನಿಯ ಬಳೆ ತೋರಿಸಬೇಕಂತೆ. ಶನಿ ಈಗ ಎಲ್ಲಿದ್ದಾನೆ ಅಂತ ನೋಡಿ ಹೇಳುತ್ತೇನೆ ಅಂದಿದ್ದೇನೆ.

ಕೈಯಲ್ಲಿ ಒತ್ತುವ ಡಿದರಿಂಗ್ ಮೊದಲ ರಾತ್ರಿಗೇ ಸಾಕಾಯಿತು. ಎರಡನೇ ರಾತ್ರಿ ಸಾಫ್ಟ್‌ವೇರ್‌ನಲ್ಲೇ ಹೊಂದಿಸಿದೆ, ನಿಜ ಹೇಳಬೇಕು ಅಂದರೆ ಹತ್ತು ನಿಮಿಷದ ಕೆಲಸ. ಓರೆ ಮಳೆ ಪೂರ್ತಿ ನಿಂತಿದೆ. ಕಪ್ಪು ಹಾಳೆಯ ಕೊಳವೆ ಎರಡು ಸಲ ಇಬ್ಬನಿಗೆ ನೆನೆದು ಬಗ್ಗಿತು, ಈಗ ಯೋಗ ಮ್ಯಾಟ್ ಕತ್ತರಿಸಿ ಮಾಡಿದ್ದೇನೆ. ಪ್ರತಿ ರಾತ್ರಿ ಕ್ಯಾಮೆರಾ ಆಫ್ ಮಾಡುವ ಮೊದಲೇ, ನಿದ್ದೆಗಣ್ಣಲ್ಲಿ, ಟ್ಯಾಬ್ಲೆಟ್ಟಿನ ಬಿಳಿ ಪರದೆ ಹಿಡಿದು ಫ್ಲ್ಯಾಟ್ ತೆಗೆದೆ. ಹಿನ್ನೆಲೆಯ ಇಳಿಜಾರು ಬಣ್ಣವನ್ನು ಎಳೆಯುವ ಮೊದಲೇ ತೆಗೆದುಹಾಕಿದೆ. ಮೊದಲು ನಾನು ಅದನ್ನು ಕೊನೆಗೆ ಮಾಡುತ್ತಿದ್ದೆ.

ತೋಳುಗಳು ಬಂದಿವೆ! ಎರಡೂ. ಎಂ82ರ ಕಡೆಗಿನ ತೋಳಿನಲ್ಲಿ ಸಣ್ಣ ಸಣ್ಣ ನೀಲಿ ಗಂಟುಗಳು, ದಾರಕ್ಕೆ ಪೋಣಿಸಿದ ಹಾಗೆ. ಮೊಟ್ಟೆಯ ನಡು ಸುಟ್ಟಿಲ್ಲ, ಹಳದಿಗೆ ತಿರುಗಿದೆ. ಎಂ82ರ ಕೆಂಪು ಬಂದಿದೆಯೋ ಇಲ್ಲವೋ ಅಂತ ಗುದ್ದಾಡುವಷ್ಟು ಇದೆ. ನಾನು ಇದೆ ಅನ್ನುತ್ತೇನೆ, ಹೆಂಡತಿ ಇಲ್ಲ ಅನ್ನುತ್ತಾಳೆ.

ಎನ್‌ಜಿಸಿ 2976 ಬಲ ಅಂಚಿನಿಂದ 140 ಪಿಕ್ಸೆಲ್ ಒಳಗೆ ಸಿಕ್ಕಿತು. 3077 ತನ್ನ ಜಾಗದಲ್ಲಿದೆ. ಈ ಸಲ ಹೀಲಿಂಗ್ ಬ್ರಷ್ ತೆರೆಯಲೇ ಇಲ್ಲ. ಮೇಲಿನ ಎಡ ಮೂಲೆಯಲ್ಲಿ ಒಂದು ನಿಜವಾದ ಧೂಳಿನ ಕಲೆ ಉಳಿದಿದೆ, ಇರಲಿ ಬಿಡಿ ಅಂತ ಹಾಗೇ ಬಿಟ್ಟಿದ್ದೇನೆ.